ದುಂಡು ಬಾವಿಯ ಈಜು

"ಮತ್ತೆ ಎಡಕ್ಕೆ! ಮತ್ತೆ ಎಡಕ್ಕೇ ಹೋಗ್ತಿದಾಳೆ ನೋಡಿ!" ದೋಣಿಯಲ್ಲಿದ್ದ ಕೋಚ್ ನರೇಂದ್ರ ತೊಡೆ ಬಡಿದುಕೊಂಡರು.

ಪೆರೇಸಂದ್ರದ ಕೆರೆಗೆ ಸಂಘಮಿತ್ರ ಇಳಿದು ಎರಡು ಗಂಟೆಯಾಗಿತ್ತು. ದೂರದ ಈಜಿನಲ್ಲಿ ಮೂರು ಸಲ ರಾಜ್ಯಕ್ಕೇ ಮೊದಲು ಬಂದವಳು. ಅವಳ ಹತ್ತಿರ ಸುಳಿಯಲು ದಣಿವಿಗೂ ಹೆದರಿಕೆ. ಆದರೆ ಹೋದ ವರ್ಷ ಸಮುದ್ರದಲ್ಲಿ ಹೀಗೇ ಎಡಕ್ಕೆ ಎಳೆದುಕೊಂಡು ಹೋಗಿ, ಕೈಗೆ ಬಂದ ಚಿನ್ನ ಕಳೆದುಕೊಂಡಿದ್ದಳು. ಇವತ್ತು ನೇರ ಈಜದಿದ್ದರೆ ಜಲಸಂಧಿ ದಾಟುವ ತಂಡದಿಂದ ಅವಳ ಹೆಸರು ಹೊಡೆದುಹಾಕುತ್ತೇನೆಂದು ನರೇಂದ್ರ ಖಡಾಖಂಡಿತವಾಗಿ ಹೇಳಿದ್ದರು.

ದೋಣಿಯ ತುದಿಯಲ್ಲಿ ಅವಳ ಅಪ್ಪ ಮುನಿಗಂಗಪ್ಪ ಮುದುರಿ ಕೂತಿದ್ದ. ಮಗಳ ತೋಳು ನೀರು ಸೀಳುವ ಚೆಂದಕ್ಕೆ ಅವನ ಕಣ್ಣು ತುಂಬಿತ್ತು. ಎಡಕ್ಕೆ ವಾಲುವ ಆ ತಿರುವನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎಲ್ಲೋ ಏನು, ತನ್ನ ಬಾವಿಯಲ್ಲೇ!

"ತಪ್ಪು ಅವಳ್ದಲ್ಲ ಸಾರ್, ನಂದು. ಈಜು ಕಲಿಸಿದ್ದು ನಮ್ಮ ದುಂಡು ಬಾವೀಲಿ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಹಿಡ್ಕೊಂಡು ಕಟ್ಟೆ ಮೇಲೆ ನಾನೂ ಸುತ್ತು ಬರ್ತಿದ್ದೆ. ಗೋಡೆ ಬಲಕ್ಕಿಟ್ಕೊಂಡು, ಏಳು ವರ್ಷ ಬರೀ ಎಡಕ್ಕೇ ಸುತ್ಸಿದೀನಿ."

"ಅದಕ್ಕೀಗ ಏನ್ಮಾಡೋಣ ಅಂತೀರಿ?"

"ನೀವು ದೋಣೀನ ಅವಳ ಬಲಕ್ಕಿಟ್ಟಿದೀರಿ. ಅವಳ ಮೈ ಇದನ್ನೇ ಬಾವಿ ಗೋಡೆ ಅಂದ್ಕೊಂಡು ಎಡಕ್ಕೆ ತಿರುಗ್ತದೆ. ಎಡಕ್ಕೆ ತಗೊಳ್ಳಿ ಸಾರ್. ಗೋಡೆ ಆ ಕಡೆ ಬಂದ್ರೆ ಎಡಕ್ಕೆ ಹೇಗೆ ತಿರುಗ್ತಾಳೆ?"

ನರೇಂದ್ರ ಅವನನ್ನು ಮೇಲಿಂದ ಕೆಳಗೆ ನೋಡಿದರು. ಇಪ್ಪತ್ತು ವರ್ಷ ಈಜು ಕಲಿಸಿದವರಿಗೆ ರಾಗಿ ಬೆಳೆಯುವವನ ಪಾಠ! ಆದರೂ ಹುಟ್ಟು ಹಾಕಿ ದೋಣಿಯನ್ನು ಎಡಕ್ಕೆ ತಂದರು.

ಸಂಘಮಿತ್ರ ಒಮ್ಮೆ ತಡವರಿಸಿದಳು. ಆಮೇಲೆ ನೋಡಿ, ಗೆರೆ ಎಳೆದ ಹಾಗೆ ಹೊರಟಳು! ಏರಿಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಇನ್ನೂ ಮೂರು ಗಂಟೆ ಈಜಿದರೂ ಒಂದು ಮೊಳ ಆಚೀಚೆ ಇಲ್ಲ. ನರೇಂದ್ರ ಗಡಿಯಾರ ನೋಡುವುದನ್ನೂ ಮರೆತು ಬಾಯಿಬಿಟ್ಟುಕೊಂಡು ಕೂತಿದ್ದರು.

"ಹೆಸರು ಹೊಡೆದುಹಾಕೋ ಮಾತೇ ಇಲ್ಲ ಬಿಡಿ," ಎಂದರು ಕೊನೆಗೆ.

ಸಂಘಮಿತ್ರ ದೋಣಿಯ ಅಂಚು ಹಿಡಿದು, ಏದುಸಿರಿನಲ್ಲೇ ಅಪ್ಪನ ಕೈ ನೋಡಿ ನಕ್ಕಳು.

"ಬಂದ್ಬಿಟ್ಟೆ ಕಣಪ್ಪಾ. ಇನ್ನಾದ್ರೂ ಹಗ್ಗ ಬಿಡು."

ಮುನಿಗಂಗಪ್ಪ ಬಗ್ಗಿ ನೋಡಿಕೊಂಡ. ಅವನ ಎರಡೂ ಮುಷ್ಟಿ ಬಿಗಿದಿದ್ದವು. ಒಳಗೆ ಏನೂ ಇರಲಿಲ್ಲ. ಆದರೂ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.