ಒಂದೂವರೆ ಅಂಗುಲ

ಗಣಿತದ ಮೇಷ್ಟರು ಖಾಲಿ ಪಂಜರವನ್ನು ತಂದು ಬುಡನ್ ಸಾಬನ ವೆಲ್ಡಿಂಗ್ ಅಂಗಡಿಯ ಕಟ್ಟೆಯ ಮೇಲಿಟ್ಟರು. ಮೊಲದ ತಲೆಯನ್ನು ದಾರದಲ್ಲಿ ಅಳೆದು, ಸರಳುಗಳ ನಡುವೆ ಒಂದೂವರೆ ಅಂಗುಲದ ಸಂದು ಸಾಕೆಂದು ಲೆಕ್ಕ ಹಾಕಿ ಅದನ್ನು ಮಾಡಿಸಿದ್ದವರು ಅವರೇ. ಲೆಕ್ಕ ತಪ್ಪಿರಲಿಲ್ಲ, ಮೊಲ ಗಬ್ಬವಾಗಿದ್ದುದು ಮಾತ್ರ ಅದರಲ್ಲಿ ಸೇರಿರಲಿಲ್ಲ. ಐದು ಮರಿಗಳೂ ಆ ಸಂದಿನಲ್ಲಿ ನುಸುಳಿ ಹೊರಬಿದ್ದು ಬೆಕ್ಕಿನ ಪಾಲಾದವು. ತಾಯಿ ಒಳಗಿನಿಂದ ಸರಳು ಕೆರೆಯುತ್ತ ನೋಡಿತ್ತು.

"ಜಾಲರಿ ಹೊಡೆದು ಸಂದು ಸಣ್ಣ ಮಾಡ್ಲಾ, ಮೇಷ್ಟ್ರೆ?"

"ಬೇಡ. ಪಕ್ಕಪಕ್ಕದ ಎರಡು ಸರಳು ಕತ್ತರಿಸು. ನಾಲ್ಕೂವರೆ ಅಂಗುಲ ಸಿಕ್ಕುತ್ತದೆ."

ಬುಡನ್ ನಕ್ಕ. "ಅಷ್ಟು ಬಿಟ್ರೆ ತಾಯೀನೂ ಓಡೋಗ್ತದೆ."

"ಹೋಗಲಿ ಅಂತಲೇ."

"ಅದಕ್ಯಾಕೆ ಕಬ್ಬಿಣ ಕೊಯ್ಯೋದು? ಬಾಗಿಲು ತೆಗೆದಿಟ್ರೆ ಆಯ್ತಲ್ಲ."

"ತೆಗೆದೇ ಇಟ್ಟಿದ್ದೇನೆ. ಬಾಗಿಲ ಕಡೆಗೆ ಅದು ಬರುವುದಿಲ್ಲ. ಮರಿಗಳು ಹೋದ ಸಂದನ್ನೇ ಕೆರೆಯುತ್ತದೆ. ದಿನವೂ ಸಂಜೆ ಐದೂಕಾಲಕ್ಕೆ ಶುರು, ನಿನ್ನೆಯೂ ಕೇಳಿಸಿತು."

"ಮಕ್ಕಳಿಗೆ ಮಗ್ಗಿ ಕಲಿಸಿದೋರು, ಮೊಲಕ್ಕೆ ಬಾಗಿಲು ತೋರಿಸೋಕಾಗಲಿಲ್ವಾ?"

ಮೇಷ್ಟರು ಜೇಬಿನಿಂದ ಸೀಮೆಸುಣ್ಣ ತೆಗೆದು, ಕತ್ತರಿಸಬೇಕಾದ ಎರಡು ಸರಳುಗಳ ಮೇಲೆ ಗುರುತು ಹಾಕಿದರು.

ಬುಡನ್ ಕಟರ್ ಎತ್ತಿಕೊಂಡು, ಒಳಗೆ ಬಗ್ಗಿ ನೋಡಿ ಕೇಳಿದ: "ಅಷ್ಟು ಹಟದ ಮೊಲಾನ ಇವತ್ತು ಹೆಂಗೆ ಹೊರಗೆ ತೆಗೆದ್ರಿ?"

"ಇವತ್ತಲ್ಲ. ಒಂಬತ್ತು ದಿನದ ಹಿಂದೆ ನಾನೇ ಎತ್ತಿ, ದಾಸವಾಳದ ಬುಡದಲ್ಲಿ ಹೂತೆ."