ಶ್ರೀಕಂಠನ ಎಡಗೈ

"ಇದು ಶ್ರೀಯದ್ದಲ್ಲ," ಅಂದ ಡೆಕ್ಲನ್.

ಐರ್ಲೆಂಡಿನ ಲಿಮೆರಿಕ್‌ನ ಫ್ಯೂನರಲ್ ಹೋಮಿನಲ್ಲಿ, ಶ್ರೀಕಂಠನ ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿಟ್ಟಿದ್ದ ಬೇಸ್‌ಬಾಲ್ ಗ್ಲೌಸನ್ನು ಅವನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹನ್ನೊಂದು ವರ್ಷ ಶ್ರೀಕಂಠನ ಜೊತೆ ಒಂದೇ ಟೀಮಿನಲ್ಲಿ ಆಡಿದವನು. ಕನ್ನಡ ಸಂಘದವರು ಆಗಲೇ ಬಂದು ಕುರ್ಚಿಗಳಲ್ಲಿ ಕೂತಿದ್ದರು. ಅಷ್ಟು ಜನರ ಎದುರು, ನನ್ನ ಗಂಡನ ಗ್ಲೌಸ್ ಯಾವುದು ಅಂತ ನನಗೇ ಹೇಳಿಕೊಡೋಕೆ ಬಂದನಲ್ಲ ಎಂದು ವಸುಂಧರಾಗೆ ಮೈಯೆಲ್ಲ ಉರಿಯಿತು.

"ಅವರದ್ದೇ," ಅಂದಳು.

ಅಲ್ಲ ಅಂತ ಅವಳಿಗೂ ಗೊತ್ತಿತ್ತು. ತೀರಿಹೋದವರಿಗೆ ಇಷ್ಟವಾದ ಮೂರು ನಾಲ್ಕು ವಸ್ತು ತಂದು ಪೆಟ್ಟಿಗೆಯ ಪಕ್ಕ ಇಡುವುದು ಇಲ್ಲಿನವರ ರೂಢಿ. ಏನು ತರುತ್ತೀರಿ ಅಂತ ಕೇಳಿದಾಗ ಮಗಳು ಮಾನ್ಯಾ ಮೊದಲು ಹೇಳಿದ್ದೇ ಗ್ಲೌಸ್. ಮನೆಯಲ್ಲಿದ್ದರೆ ತಾನೆ? ಆ ಕೆಸರು ಬೂಟು, ಬೆವರು ನಾತ ನನ್ನ ಮನೆಯೊಳಗೆ ಬೇಡ ಅಂತ ವಸುಂಧರಾ ಯಾವಾಗಲೋ ಹೇಳಿದ್ದಕ್ಕೆ, ಶ್ರೀಕಂಠ ಆಟದ ಸಾಮಾನನ್ನೆಲ್ಲ ಕ್ಲಬ್ಬಿನಲ್ಲೇ ಇಡುತ್ತಿದ್ದ. ಕ್ಲಬ್ಬಿನವರನ್ನು ಕೇಳಬಹುದಿತ್ತು. ಕೇಳಿದರೆ, ಹೆಂಡತಿಗೆ ಇಷ್ಟೂ ಗೊತ್ತಿಲ್ಲವೇ ಅಂದುಕೊಳ್ಳುವುದಿಲ್ಲವೇ? ನಿನ್ನೆ ಮೂರು ಅಂಗಡಿ ಸುತ್ತಿ ಹೊಸದೊಂದು ತಂದು, ಹಿತ್ತಲ ಮಣ್ಣು ಮೆತ್ತಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹಳೆಯದು ಮಾಡಿದ್ದಳು.

ಹಾಗಂತ ವಸುಂಧರಾ ಕೆಟ್ಟ ಹೆಂಡತಿಯೇನಲ್ಲ. ಮಂಗಳವಾರ ಆಫೀಸಿನಲ್ಲೇ ಅವನ ಎದೆಬಡಿತ ನಿಂತಾಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಬಂದವರೆಲ್ಲ ಎಂಥಾ ಫ್ಯಾಮಿಲಿ ಮ್ಯಾನ್ ಅಂತ ಕಣ್ಣೊರೆಸಿಕೊಳ್ಳುತ್ತಿದ್ದರು, ಅದೂ ನಿಜವೇ. ವಾರವಿಡೀ ಮನೆಗೆ, ಮಗಳಿಗೆ, ಸಂಘದ ಹಬ್ಬಗಳಿಗೆ ಅಂತ ದುಡಿದವನು. ತನಗೆ ಅಂತ ಇಟ್ಟುಕೊಂಡಿದ್ದು ಭಾನುವಾರ ಬೆಳಿಗ್ಗೆಯ ಮೂರು ಗಂಟೆ ಮಾತ್ರ. ಒಂದ್ಸಲ ನೋಡೋಕಾದ್ರೂ ಬನ್ನಿ ಅಂತ ತಾಯಿ ಮಗಳನ್ನು ಕರೆದೂ ಕರೆದೂ ಕೊನೆಗೆ ಸುಮ್ಮನಾಗಿದ್ದ. ಆಡೋದಿದ್ದರೆ ಕ್ರಿಕೆಟ್ಟಾದರೂ ಆಡಬಾರದೇ, ನಾಲ್ಕು ಜನಕ್ಕೆ ಹೇಳಿಕೊಳ್ಳಬಹುದು ಅನ್ನುತ್ತಿದ್ದಳು ಇವಳು. ಒಂದೇ ಒಂದು ಆಟಕ್ಕೂ ಹೋಗಲಿಲ್ಲ.

ಡೆಕ್ಲನ್ ಒಳ್ಳೆಯವನು. ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ವಿವರಿಸಿದ. ಚೆಂಡು ಎಸೆಯುವ ಕೈ ಬರಿಗೈ, ಗ್ಲೌಸ್ ಹಾಕುವುದು ಇನ್ನೊಂದು ಕೈಗೆ. ನೀವು ತಂದದ್ದು ಎಡಗೈಗೆ ಹಾಕುವ ಗ್ಲೌಸ್. ಶ್ರೀ ಎಸೆಯುತ್ತಿದ್ದದ್ದೇ ಎಡಗೈಯಲ್ಲಿ.

"ಅವರು ಎಡಚರಲ್ಲ," ಅಂದಳು ವಸುಂಧರಾ. "ಬರೆಯೋದು, ಉಣ್ಣೋದು, ಎಲ್ಲ ಬಲಗೈಲೇ."

"ಬಲಗೈಯಲ್ಲಿ ಅವನಿಗೆ ಹತ್ತು ಹೆಜ್ಜೆ ದೂರಕ್ಕೂ ಎಸೆಯೋಕೆ ಬರ್ತಿರಲಿಲ್ಲ," ಅಂದ ಡೆಕ್ಲನ್. "ಆ ಎಡಗೈ ನೋಡೋಕೆ ಅಂತಲೇ ಜನ ಬರ್ತಿದ್ರು." ತನ್ನ ಚೀಲದಿಂದ ಇನ್ನೊಂದು ಗ್ಲೌಸ್ ತೆಗೆದು ಮೇಜಿನ ಮೇಲಿಟ್ಟ. ಅಂಗೈ ಜಾಗ ಸವೆದು ಕಪ್ಪಾಗಿತ್ತು. ಹರಿದ ದಾರಕ್ಕೆ ಎರಡು ಕಡೆ ಗಂಟು ಹಾಕಿತ್ತು.

"ಡಿಡ್ ಯೂ ನಾಟ್ ನೋ, ಅಮ್ಮಾ?" ಅಂದಳು ಮಾನ್ಯಾ.

ಗೊತ್ತಿತ್ತು. ಸಂಕಟವೇ ಅದು. ಮದುವೆಯಾದ ಹೊಸದರಲ್ಲಿ, ಮೈಸೂರಿನ ಅಡಿಗೆಮನೆಯಲ್ಲಿ ಅತ್ತೆ ಹೇಳಿದ್ದರು, ಸಣ್ಣವನಿದ್ದಾಗ ಎಡಚ ಕಣಮ್ಮಾ, ಕೈಗೆ ಬಟ್ಟೆ ಕಟ್ಟಿ ಬಿಡಿಸಿದೀನಿ, ನೀನೂ ಒಂದು ಕಣ್ಣಿಟ್ಟಿರು ಅಂತ. ಒಂದೇನು, ಎರಡೂ ಕಣ್ಣಿಟ್ಟಳು. ಸೌಟು ಹಿಡಿಯುವಾಗ, ಆರತಿ ಮುಟ್ಟುವಾಗ, ಮಗಳಿಗೆ ಮೊದಲ ತುತ್ತು ತಿನ್ನಿಸುವಾಗ, ಎಡಗೈ ಮುಂದೆ ಬಂದರೆ ಇವಳು 'ರೀ' ಅನ್ನುತ್ತಿದ್ದಳು, ಅವನು ನಕ್ಕು ಕೈ ಬದಲಾಯಿಸುತ್ತಿದ್ದ. ಬರುಬರುತ್ತಾ 'ರೀ' ಅನ್ನುವುದೂ ಬೇಕಾಗಲಿಲ್ಲ, ಒಂದು ಸಲ ನೋಡಿದರೆ ಸಾಕಿತ್ತು. ಚಾಳಿ ಬಿಟ್ಟುಹೋಯಿತು ಅಂದುಕೊಂಡು ಅವಳು ಮರೆತೇಬಿಟ್ಟಳು. ಈಗ ಪೆಟ್ಟಿಗೆಯ ಕಡೆ ನೋಡಿ ಅವಳಿಗೆ ಸಿಟ್ಟು ಬಂತು. ಬಾಯಿಬಿಟ್ಟು ಹೇಳಬಾರದಿತ್ತೇ ಈ ಮನುಷ್ಯ? ಹೇಳಿದ್ದರೆ ತಾನು ಏನನ್ನುತ್ತಿದ್ದೆ ಅನ್ನುವುದೂ ಆ ಕ್ಷಣವೇ ಹೊಳೆದು, ನಿಂತಲ್ಲೇ ನಾಚಿಕೆಯಿಂದ ಕುಗ್ಗಿದಳು.

ಹೊಸ ಗ್ಲೌಸನ್ನು ತೆಗೆದು ತನ್ನ ಬ್ಯಾಗಿಗೆ ತುರುಕಿದಳು.

ಅಷ್ಟರಲ್ಲಿ ಟೀಮಿನವರೆಲ್ಲ ಬಂದು ಸಾಲಾಗಿ ನಿಂತರು. ಮನೆಯವರ ಕೈಕುಲುಕಿ ಎರಡು ಮಾತು ಹೇಳಿ ಹೋಗುವುದು ಇಲ್ಲಿನ ಕ್ರಮ. ಸಾಲಿನಲ್ಲಿ ಮೊದಲಿಗನಾಗಿ ನಿಂತ ಡೆಕ್ಲನ್ ಸಂಕೋಚದಿಂದಲೇ ಒಂದು ಮಾತು ಕೇಳಿದ. ಆಟ ಮುಗಿದ ಮೇಲೆ ಶ್ರೀಗೆ ನಾವೆಲ್ಲ ಎಡಗೈ ಕೊಡುತ್ತಿದ್ದೆವು, ಇವತ್ತು ನಿಮಗೂ ಹಾಗೇ ಕೊಡಬಹುದಾ? ವಸುಂಧರಾ ತಲೆಯಾಡಿಸಿದಳು. ಕೊಡಬೇಕು ಅಂತ ಗಟ್ಟಿ ಮನಸ್ಸೇ ಮಾಡಿದ್ದಳು. ಇವತ್ತು ಒಂದು ದಿನವಾದರೂ ಅವನ ಕಡೆ ನಿಲ್ಲಬೇಕು ಅನ್ನಿಸಿತ್ತು.

"ಸಾರಿ ಫಾರ್ ಯುವರ್ ಟ್ರಬಲ್," ಎಂದು ಸಾವಿನ ಮನೆಯಲ್ಲಿ ಇಲ್ಲಿನವರೆಲ್ಲ ಹೇಳುವ ಮಾತು ಹೇಳಿ ಡೆಕ್ಲನ್ ಎಡಗೈ ಚಾಚಿದ. ತಾನಾಗಿ ಮುಂದೆ ಹೋದದ್ದು ಇವಳ ಬಲಗೈ.

ಅವನು ಅರೆಗಳಿಗೆ ತಡೆದ. ಆಮೇಲೆ "ಗ್ರ್ಯಾಂಡ್, ಗ್ರ್ಯಾಂಡ್" ಅಂತ, ಪರವಾಗಿಲ್ಲ ಅನ್ನುವಂತೆ ಮೆಲ್ಲಗೆ ನಕ್ಕು ತಾನೇ ಕೈ ಬದಲಾಯಿಸಿದ. ಹಿಂದೆ ನಿಂತಿದ್ದ ಹದಿನಾಲ್ಕು ಜನ ಅದನ್ನು ನೋಡಿದರು. ಒಬ್ಬೊಬ್ಬರಾಗಿ ಎಡಗೈಯನ್ನು ಜೇಬಿಗೆ ಸೇರಿಸಿ, ಬಲಗೈ ಮುಂದೆ ಮಾಡಿಕೊಂಡು ಬಂದರು.