ಬಲಗಡೆಯ ಎಸಳು

ದೇವರನ್ನು ನಂಬುವುದು ಬಿಟ್ಟು ಎಷ್ಟೋ ವರ್ಷಗಳಾದರೂ, ಒದ್ದೆ ಕಣಗಿಲೆಯ ವಾಸನೆ ಬಂದರೆ ನನ್ನ ಕೈಗಳು ಈಗಲೂ ತಾವಾಗಿಯೇ ಮುಗಿಯಲು ಹೋಗುತ್ತವೆ.

ಆ ಮಧ್ಯಾಹ್ನ ಜಾಲಹಳ್ಳಿಯ ಬೀರಪ್ಪನ ಗುಡಿಯಲ್ಲಿ ಮನೆಯವರೆಲ್ಲ ಕೂತಿದ್ದೆವು. ಏಳನೆಯ ತರಗತಿ ಮುಗಿಸಿದ ನನ್ನನ್ನು ಮಾನ್ವಿಯ ಸೋದರಮಾವನಿಗೆ ಕೊಡಬೇಕೆಂದು ಅಪ್ಪ, ರಾಯಚೂರಿನ ಹಾಸ್ಟೆಲಿಗೆ ಕಳಿಸಬೇಕೆಂದು ಅವ್ವ ಹಟ ಹಿಡಿದಿದ್ದರು. ಅಜ್ಜಿ ಮಾತ್ರ ಯಾರ ಪರವಾಗಿಯೂ ಮಾತಾಡಿರಲಿಲ್ಲ.

“ಯವ್ವಾ, ನೀನ ಹೂವು ಕೇಳು. ದೇವ್ರು ಹೆಂಗ ಹೇಳ್ತಾನ ಹಂಗ,” ಎಂದು ಅಪ್ಪ ಅಜ್ಜಿಗೆ ಹೇಳಿದ. ದೇವರ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಕಣಗಿಲೆಯ ಎಸಳು ಅಂಟಿಸಬೇಕು; ಎಡದ್ದು ಮೊದಲು ಬಿದ್ದರೆ ಮದುವೆ, ಬಲದ್ದು ಬಿದ್ದರೆ ಶಾಲೆ.

ನನಗೆ ಮೊದಲಿನಿಂದಲೂ ಅನುಮಾನವಿತ್ತು. ಹಿಂದೆ ಟಗರು ಮಾರುವಾಗಲೂ ದೇವರು ಅಜ್ಜಿಯ ಮನಸ್ಸಿನಲ್ಲಿದ್ದಂತೆಯೇ ಹೂವು ಕೊಟ್ಟಿದ್ದ. ಅದಕ್ಕೇ ಎಲ್ಲರೂ ದೇವರನ್ನು ನೋಡುತ್ತಿದ್ದರೆ ನಾನು ಅವಳ ಕೈ ನೋಡಿದೆ. ಒಂದು ಎಸಳನ್ನು ತಂಬಿಗೆಯ ನೀರಿನಲ್ಲಿ ಪೂರ್ತಿ ಅದ್ದಿ, ಕಲ್ಲಿನ ಎಡಭುಜಕ್ಕೆ ಹೆಬ್ಬೆರಳಿನಿಂದ ಒತ್ತಿದಳು. ಬಲದ್ದನ್ನು ನೀರಿಗೆ ಸುಮ್ಮನೆ ಸೋಕಿಸಿ ಅಂಟಿಸಿದಳು. ಬೇಸಿಗೆಯ ಗಾಳಿಗೆ ಅದು ಬೇಗ ಒಣಗಿ ಬಿತ್ತು. ಅಪ್ಪ ಹಣೆಗೆ ಭಂಡಾರ ಹಚ್ಚಿಕೊಂಡು ಹೊರಗೆ ಹೋದ.

ಅಪ್ಪನನ್ನು ಏಮಾರಿಸಿದ್ದು ಇರಲಿ, ದೇವರನ್ನೇ ಏಮಾರಿಸಿದಳಲ್ಲ ಎಂದು ನನಗೆ ಹೆದರಿಕೆಯಾಯಿತು. ಅಜ್ಜಿಯ ಸೆರಗು ಜಗ್ಗಿದೆ.

“ಯಮ್ಮಾ, ಎಡಗಡಿ ಹೂವಿಗೆ ನೀರು ಜಾಸ್ತಿ ಹಚ್ಚೀದಿ. ನಾ ನೋಡೀನಿ.”

ಅವಳು ಒದ್ದೆ ಬೆರಳುಗಳನ್ನು ನನ್ನ ಲಂಗಕ್ಕೆ ಒರೆಸಿದಳು.

“ಅವನೂ ನೋಡ್ಯಾನ ಬೇ,” ಎಂದು ದೇವರ ಕಲ್ಲಿನ ಕಡೆ ಗದ್ದ ಎತ್ತಿದಳು. “ಬಾಯಿ ಬಿಟ್ಟಾನೇನು?”